ತಿಕೋಟಾದ ದ್ರಾಕ್ಷಿಯಲ್ಲಿ ಹುಳಿಯ ಲೆಕ್ಕ

ವಿಜಯಪುರ ಜಿಲ್ಲೆಯ ತಿಕೋಟಾ ಸುತ್ತಲಿನ ತೋಟಗಳಲ್ಲಿ ಫೆಬ್ರುವರಿಯ ಬಿಸಿಲು ಏರಿದಂತೆ ದ್ರಾಕ್ಷಿಯ ಹುಳಿ ಇಳಿಯುತ್ತದೆ. ಕಾಯಿಯಾಗಿದ್ದಾಗ ಕೂಡಿಟ್ಟುಕೊಂಡ ಮ್ಯಾಲಿಕ್ ಆಮ್ಲವನ್ನು ಹಣ್ಣು ಮಾಗುವಾಗ ತನ್ನ ಉಸಿರಾಟಕ್ಕೆ ಬಳಸಿಕೊಳ್ಳುತ್ತದೆ. ಸೆಕೆ ಹೆಚ್ಚಿದಷ್ಟೂ ಅದು ಬೇಗ ಖರ್ಚಾಗುತ್ತದೆ. ಟಾರ್ಟಾರಿಕ್ ಆಮ್ಲ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಬೆಳೆಗಾರರ ಕೈಯಲ್ಲಿರುವ ರಿಫ್ರ್ಯಾಕ್ಟೋಮೀಟರ್ ಸಿಹಿಯನ್ನು ಬ್ರಿಕ್ಸ್ ಅಂಕಿಯಲ್ಲಿ ತೋರಿಸುತ್ತದೆಯೇ ಹೊರತು ಹುಳಿಯಲ್ಲಿ ಯಾವ ಆಮ್ಲದ ಪಾಲು ಎಷ್ಟೆಂದು ಹೇಳಲಾರದು. ಜೀವಕೋಶಗಳು ಹೀಗೆ ಕಟ್ಟುತ್ತ, ಒಡೆಯುತ್ತ ಇರುವ ಸಣ್ಣ ಅಣುಗಳೇ ಮೆಟಬೊಲೈಟ್‌ಗಳು. ಅವನ್ನು ಒಂದೊಂದಾಗಿ ಗುರುತಿಸಲು ಬಳಸುವ ಪ್ರಮುಖ ಉಪಕರಣ ಮಾಸ್ ಸ್ಪೆಕ್ಟ್ರೋಮೀಟರ್.

ಈ ಯಂತ್ರ ಅಣುವನ್ನು ತಕ್ಕಡಿಯಂತೆ ತೂಗುವುದಿಲ್ಲ. ಅಣುವಿಗೆ ವಿದ್ಯುದಾವೇಶ ಕೊಟ್ಟು, ನಿರ್ವಾತದಲ್ಲಿ ಅದು ಚಲಿಸುವ ರೀತಿಯಿಂದ ರಾಶಿಗೂ ಆವೇಶಕ್ಕೂ ಇರುವ ಅನುಪಾತವನ್ನು ಕಂಡುಹಿಡಿಯುತ್ತದೆ. ದ್ರಾವಣವನ್ನು ಹೆಚ್ಚು ವೋಲ್ಟೇಜಿನ ಸೂಜಿಯಿಂದ ಸಿಂಪಡಿಸಿ, ಅಣುಗಳನ್ನು ಮುರಿಯದೆ ಅಯಾನುಗಳಾಗಿಸುವ, ಅಂದರೆ ಅವುಗಳಿಗೆ ವಿದ್ಯುದಾವೇಶ ಬರಿಸುವ ವಿಧಾನವನ್ನು ಬೆಳೆಸಿದ ಜಾನ್ ಫೆನ್ ಅವರಿಗೆ 2002ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಆದರೆ ರಾಶಿ ತಿಳಿದ ಮಾತ್ರಕ್ಕೆ ಹೆಸರು ತಿಳಿದಂತಲ್ಲ. ದ್ರಾಕ್ಷಿಯ ಗ್ಲೂಕೋಸ್ ಮತ್ತು ಫ್ರುಕ್ಟೋಸ್ ಎರಡರ ರಾಶಿಯೂ ನಿಖರವಾಗಿ 180.063, ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ ಈ ಅಂಕಿಯಿಂದ ಅವೆರಡನ್ನು ಬೇರೆ ಮಾಡಲಾಗದು. ಆದ್ದರಿಂದ ರಸವನ್ನು ಮೊದಲು ಕ್ರೊಮ್ಯಾಟೋಗ್ರಫಿಯ ಕೊಳವೆಯಲ್ಲಿ ಹಾಯಿಸುತ್ತಾರೆ. ಒಂದೊಂದು ಅಣು ಒಂದೊಂದು ಹೊತ್ತಿಗೆ ಹೊರಬರುತ್ತದೆ. ಬಳಿಕ ಅಯಾನನ್ನು ಅನಿಲಕ್ಕೆ ಡಿಕ್ಕಿ ಹೊಡೆಸಿ ಒಡೆದು ಚೂರುಗಳನ್ನು ಅಳೆಯುತ್ತಾರೆ. ರಾಶಿ-ಆವೇಶದ ಅನುಪಾತ 133ರಲ್ಲಿ ಕಾಣುವ ಮ್ಯಾಲಿಕ್ ಆಮ್ಲದ ಅಯಾನು ಒಂದು ನೀರಿನ ಅಣುವನ್ನು ಕಳೆದುಕೊಂಡು 115ಕ್ಕೆ ಇಳಿಯುತ್ತದೆ. ಪ್ರಮಾಣ ತಿಳಿಯುವ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು: ನಾಲ್ಕೂ ಇಂಗಾಲಗಳು ಸಾಮಾನ್ಯ ಇಂಗಾಲಕ್ಕಿಂತ ಒಂದು ಘಟಕ ಭಾರವಾದ ಕಾರ್ಬನ್-13 ಆಗಿರುವ ಮ್ಯಾಲಿಕ್ ಆಮ್ಲವನ್ನು ಗೊತ್ತಿರುವಷ್ಟು ಬೆರೆಸಿದರೆ, ಅದು 137ರಲ್ಲಿ ಕಾಣುತ್ತದೆ, ಹಣ್ಣಿನದು ಅದರ ಎಷ್ಟು ಪಟ್ಟು ಎಂದು ನೋಡಿದರಾಯಿತು.

ಇಷ್ಟೆಲ್ಲ ನಿಖರತೆ ನಿಲ್ಲುವುದು ತೋಟದಲ್ಲಿ ನಡೆಯುವ ಕೆಲಸದ ಮೇಲೆ. ಬಳ್ಳಿಯಿಂದ ಕತ್ತರಿಸಿದ ಮೇಲೂ ಹಣ್ಣು ಉಸಿರಾಡುತ್ತದೆ, ಅದರ ಕಿಣ್ವಗಳು ದುಡಿಯುತ್ತಲೇ ಇರುತ್ತವೆ. ಮಧ್ಯಾಹ್ನದ ಬಿಸಿಲಲ್ಲಿ ಕ್ರೇಟಿನಲ್ಲಿಟ್ಟು ಬಾಗಲಕೋಟೆಯವರೆಗೆ ಒಯ್ದ ಗೊಂಚಲನ್ನು ಪರೀಕ್ಷಿಸಿದರೆ, ಯಂತ್ರ ತೋಟದ ಹುಳಿಯನ್ನಷ್ಟೇ ಅಲ್ಲ, ದಾರಿಯ ಸೆಕೆಯನ್ನೂ ಸೇರಿಸಿ ಅಳೆಯುತ್ತದೆ. ಹಾಗಾಗಿ ಕಾಳುಗಳನ್ನು ಬಳ್ಳಿಯ ಬುಡದಲ್ಲೇ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಅದ್ದಿ, ಕರಗಲು ಬಿಡದೆ ಪುಡಿಮಾಡಿ, ತಣ್ಣನೆಯ ಮೆಥನಾಲಿನಲ್ಲಿ ಸಾರ ತೆಗೆಯುತ್ತಾರೆ.