ಡ್ರಾಪ್-ಇನ್ ಅಂದರೆ ಕುಕ್ಕರ್ ಗ್ಯಾಸ್ಕೆಟ್ ಇದ್ದ ಹಾಗೆ

ಕುಕ್ಕರ್ ಗ್ಯಾಸ್ಕೆಟ್ ತರೋಕೆ ಹೋದರೆ ಅಂಗಡಿಯವರು ಮೊದಲು ಕೇಳೋದು "ಯಾವ ಕಂಪನಿ, ಎಷ್ಟು ಲೀಟರ್?" ಅಂತ. ಹೊಸದು ಹಳೆಯದರ ಜಾಗದಲ್ಲಿ ಕೂರಬೇಕು, ಮುಚ್ಚಳ ಸಲೀಸಾಗಿ ತಿರುಗಬೇಕು, ವಿಷಲ್ ಎಂದಿನಂತೆ ಬರಬೇಕು, ಅಡುಗೆ ಮಾಡುವವರಿಗೆ ಬದಲಾಗಿದ್ದೇ ಗೊತ್ತಾಗಬಾರದು. ಸಾಫ್ಟ್‌ವೇರ್‌ನಲ್ಲಿ ಇದಕ್ಕೇ ಡ್ರಾಪ್-ಇನ್ ಅನ್ನುತ್ತಾರೆ. ಹಳೆ ಪ್ರೋಗ್ರಾಂ ತೆಗೆದು ಹೊಸದನ್ನು ಅದೇ ಹೆಸರಲ್ಲಿ ಕೂರಿಸಿದರೂ ನಿಮ್ಮ ಕೈಯಭ್ಯಾಸ, ಯಾವತ್ತೋ ಬರೆದಿಟ್ಟ ಸ್ಕ್ರಿಪ್ಟ್, ಕಾನ್ಫಿಗ್ ಫೈಲ್ ಯಾವುದೂ ಕೊಸರಾಡಬಾರದು.

ಆದರೆ ಜನ ಚೆನ್ನಾಗಿರೋ ಹೊಸ ಟೂಲ್‌ಗೆಲ್ಲ ಈ ಪದ ಅಂಟಿಸಿಬಿಡುತ್ತಾರೆ.

ಲಿನಕ್ಸ್‌ನಲ್ಲಿ ಫೈಲ್‌ಗಳ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡಿನ ಬದಲಿಗೆ ಬಣ್ಣಬಣ್ಣದ ಎಕ್ಸಾ ಬಂದಿತ್ತು. ಅದನ್ನು ನೋಡಿಕೊಳ್ಳುವವರು ಇಲ್ಲದಂತಾಗಿ 2023ರಲ್ಲಿ ಅದರ ಫೋರ್ಕ್ (ಅದೇ ಕೋಡ್ ತೆಗೆದುಕೊಂಡು ಬೇರೆಯವರು ಮುಂದುವರಿಸಿದ್ದು) ಈಝಾ ಶುರುವಾಯಿತು. ಎಕ್ಸಾ ಬಿಟ್ಟು ಈಝಾ ಹಾಕಿಕೊಂಡರೆ ಹೆಚ್ಚುಕಡಿಮೆ ಡ್ರಾಪ್-ಇನ್, ಮೂಲ ಕೋಡ್ ಅದೇ ತಾನೆ. ಎಲ್‌ಎಸ್ ಬಿಟ್ಟು ಈಝಾ? ಊಹುಂ. ಎಲ್‌ಎಸ್ ಅಂದರೆ ಈಝಾ ಓಡುವ ಹಾಗೆ ಅಲಿಯಾಸ್ ಮಾಡಿ, ಹೊಸ ಫೈಲ್ ಕೊನೆಗೆ ಬರಲಿ ಅಂತ ವರ್ಷಗಳಿಂದ ಕುಟ್ಟುತ್ತಿದ್ದ ಹೈಫನ್ ಎಲ್‌ಟಿಆರ್ ಕುಟ್ಟಿದರೆ ಎರರ್ ಬರುತ್ತದೆ, ಯಾಕಂದರೆ ಎಲ್‌ಎಸ್‌ಗೆ 'ಟಿ' ಅಂದರೆ ಸಮಯದ ಪ್ರಕಾರ ಜೋಡಿಸು ಅಂತ, ಈಝಾಗೆ ಅದು ಯಾವ ಸಮಯವನ್ನು ತೋರಿಸಲಿ ಅನ್ನೋ ಪ್ರಶ್ನೆ, ಹಿಂದೆಯೇ ಬರೋ 'ಆರ್' ಅದಕ್ಕೆ ಉತ್ತರ ಅಲ್ಲ.

ಕಂಪ್ಯೂಟರಿನ ವಿವರಗಳನ್ನು ಟರ್ಮಿನಲ್‌ನಲ್ಲಿ ಚೆಂದವಾಗಿ ತೋರಿಸುತ್ತಿದ್ದ ನಿಯೋಫೆಚ್ ಕಥೆ ಇನ್ನೂ ಮಜಾ. 2024ರ ಏಪ್ರಿಲ್‌ನಲ್ಲಿ ಅದನ್ನು ಬರೆದವರು ತಮ್ಮ ಪ್ರಾಜೆಕ್ಟ್‌ಗಳಿಗೆಲ್ಲ ಬೀಗ ಹಾಕಿ, ಕೋಡ್ ಹಂಚಿಕೊಳ್ಳೋ ತಾಣ ಗಿಟ್‌ಹಬ್‌ನ ತಮ್ಮ ಪ್ರೊಫೈಲ್‌ನಲ್ಲಿ ಬೇಸಾಯಕ್ಕೆ ಇಳಿದಿದ್ದೇನೆ ಅಂತ ಒಂದು ಸಾಲು ಬರೆದರು. (ಬೆಂಗಳೂರಲ್ಲಿ ಎಷ್ಟೋ ಜನ ಟೀ ಕುಡೀತಾ ಹೇಳೋ ಮಾತು, ಈತ ಮಾಡಿಯೇ ಬಿಟ್ಟರು.) ಈಗ ಎಲ್ಲರೂ ಹೇಳೋದು ಫಾಸ್ಟ್‌ಫೆಚ್. ಸಿ ಭಾಷೆಯಲ್ಲಿ ಹೊಸದಾಗಿ ಬರೆದದ್ದು, ತುಂಬಾ ವೇಗ. ಆದರೆ ನಿಮ್ಮ ಹಳೆ ಕಾನ್ಫಿಗ್ ಬ್ಯಾಶ್ ಅನ್ನೋ ಸ್ಕ್ರಿಪ್ಟ್ ಭಾಷೆಯಲ್ಲಿದೆ, ಇದಕ್ಕೆ ಬೇಕಾಗಿರೋದು ಜೇಸನ್ ಅನ್ನೋ ಫಾರ್ಮ್ಯಾಟ್ ಥರದ್ದು. ಮತ್ತೆ ಕೂತು ಬರೆಯಬೇಕು.

ಫೈಲ್ ಹುಡುಕುವ ಫೈಂಡ್ ಕಮಾಂಡಿನ ಬದಲಿಗೆ ಬರುವ ಎಫ್‌ಡಿಯಂತೂ ಡ್ರಾಪ್-ಇನ್ ಆಗೋಕೆ ಹೊರಟೇ ಇಲ್ಲ. ಡೆಬಿಯನ್ ಅನ್ನೋ ಲಿನಕ್ಸ್‌ನಲ್ಲಿ ಅದಕ್ಕೆ ಸ್ವಂತ ಹೆಸರೂ ಸಿಗಲಿಲ್ಲ, ಎಫ್‌ಡಿಫೈಂಡ್ ಅಂತ ಕರೆಯಬೇಕು.

ನಿಜವಾಗಿ ಡ್ರಾಪ್-ಇನ್ ಆಗಲೇಬೇಕು ಅಂತ ಹೊರಟವರದ್ದೇ ಕಷ್ಟದ ಕೆಲಸ. ಉಬುಂಟು ಲಿನಕ್ಸ್‌ನ 25.10 ಆವೃತ್ತಿಯಲ್ಲಿ ಗ್ನು ಕೋರ್‌ಯುಟಿಲ್ಸ್ (ಎಲ್‌ಎಸ್, ಡೇಟ್ ಥರದ ಮೂಲ ಕಮಾಂಡ್‌ಗಳ ಕಟ್ಟು) ಜಾಗಕ್ಕೆ ರಸ್ಟ್ ಭಾಷೆಯಲ್ಲಿ ಬರೆದ ಯುಯುಟಿಲ್ಸ್ ತಂದರು. ಗ್ನುವಿನ ಪರೀಕ್ಷೆಗಳನ್ನೇ ಓಡಿಸಿ ಓಡಿಸಿ ಹದ ಮಾಡಿದ ಕೋಡ್ ಅದು. ಹಾಗಿದ್ದೂ ಡೇಟ್ ಕಮಾಂಡಿನ 'ಆರ್' ಆಪ್ಷನ್ ಕೈಕೊಟ್ಟಿತು. ಫೈಲ್ ಕೊನೆಗೆ ಬದಲಾದ ಹೊತ್ತು ಹೇಳಬೇಕಾದ್ದು, ಎರರ್ ಕೂಡ ಕೊಡದೆ ಸುಮ್ನೆ ಈಗಿನ ಸಮಯ ಹೇಳಿತು. ಅದನ್ನು ನಂಬಿದ್ದ ಸ್ಕ್ರಿಪ್ಟ್ ದಾರಿ ತಪ್ಪಿ, ಕೆಲವು ಕಂಪ್ಯೂಟರ್‌ಗಳಲ್ಲಿ ಅಪ್‌ಡೇಟ್ ಬಂದಿದೆಯಾ ಅಂತ ತಾನಾಗಿ ನೋಡೋದೇ ನಿಂತುಹೋಯಿತು. ಈಝಾ ಆದರೂ ಮುಖದ ಮೇಲೆ ಎರರ್ ಎಸೆಯುತ್ತೆ, ಇದು ಅದಕ್ಕಿಂತ ಕೆಟ್ಟದ್ದು ಅಲ್ವಾ?

ನಾನಂತೂ ಈಝಾಗೆ ಎಲ್‌ಎಲ್ ಅಂತ ಬೇರೆ ಹೆಸರು ಕೊಟ್ಟಿದ್ದೇನೆ. ಎಲ್‌ಎಸ್ ತನ್ನ ಪಾಡಿಗೆ ತಾನಿದೆ.