ಸವಳು ತಾಳುವ ಬೆಳೆ, ಆದರೆ ಯಾವ ವಯಸ್ಸಿನಲ್ಲಿ?

ಮುಧೋಳದ ಕಡೆ ನಮ್ಮ ಸೋದರಮಾವನ ಎರೆ ಹೊಲದಲ್ಲಿ ಹತ್ತಿ ಊರಿದ್ದರು. ಹತ್ತಿ ಸವಳಿಗೆ, ಅಂದರೆ ಮಣ್ಣಿನ ಉಪ್ಪಿಗೆ, ಗಟ್ಟಿ ಬೆಳೆ ಎಂದು ನಾನು ಓದಿಕೊಂಡಿದ್ದೆ. ಹತ್ತು ದಿನ ಬಿಟ್ಟು ಹೋಗಿ ನೋಡಿದರೆ ಬೋದಿನ (ಎರಡು ಸಾಲಿನ ನಡುವಿನ ಏರಿಯ) ನೆತ್ತಿಯ ಮೇಲೆ ಸುಣ್ಣ ಉದುರಿಸಿದಂತೆ ಬಿಳಿ ಪದರ, ಅಲ್ಲಿ ಒಂದು ಸಸಿಯೂ ಇಲ್ಲ. ಬೆರಳಿನಿಂದ ಕೆದರಿದಾಗ ಸಿಕ್ಕ ಬೀಜ ಉಬ್ಬಿತ್ತು, ಒಡೆದಿರಲಿಲ್ಲ. ಅದೇ ಬೋದಿನ ಮಗ್ಗುಲಲ್ಲಿ, ಗೇಣು ಕೆಳಗೆ ಜಾರಿ ಬಿದ್ದಿದ್ದ ಬೀಜಗಳು ಎರಡೆಲೆ ಬಿಟ್ಟಿದ್ದವು.

ಕಾರಣ ಸರಳ. ಎರಡೂ ಸಾಲಿನ ನೀರು ಬೋದಿನ ನಡುವಿಗೆ ಏರುತ್ತದೆ, ಬಿಸಿಲಿಗೆ ಆರುತ್ತದೆ, ಉಪ್ಪು ನೆತ್ತಿಯಲ್ಲೇ ಉಳಿಯುತ್ತದೆ. ನಾವು ಬೀಜ ಇಡುವುದೂ ಅಲ್ಲೇ.

ಈಗ ಪುಸ್ತಕದ ಲೆಕ್ಕಕ್ಕೆ ಬರೋಣ. 1977ರಲ್ಲಿ ಅಮೆರಿಕದ ಸವಳು ಸಂಶೋಧಕರಾದ ಮಾಸ್ ಮತ್ತು ಹಾಫ್‌ಮನ್ ಕೊಟ್ಟ ಪಟ್ಟಿ ಪ್ರತಿ ಬೆಳೆಗೂ ಎರಡು ಅಂಕಿ ಹೇಳುತ್ತದೆ: ಇಳುವರಿ ಕುಸಿಯಲು ಶುರುವಾಗುವ ಇ.ಸಿ. (ವಿದ್ಯುತ್ ವಾಹಕತೆ, ಮಣ್ಣಿನ ಉಪ್ಪಿನ ಅಳತೆ), ಆಮೇಲೆ ಅದು ಏರುವ ಪ್ರತಿ ಒಂದು ಡೆಸಿಸೀಮೆನ್ಸ್‌ಗೆ ಎಷ್ಟು ಶೇಕಡಾ ನಷ್ಟ. ಹತ್ತಿಗೆ 7.7 ಮತ್ತು 5.2. ಕಬ್ಬಿಗೆ 1.7 ಮತ್ತು 5.9. ಉಳ್ಳಾಗಡ್ಡಿಗೆ 1.2 ಮತ್ತು 16. ಹೊಲದ ಇ.ಸಿ. 4 ಇದ್ದರೆ ಹತ್ತಿಗೆ ನಷ್ಟವಿಲ್ಲ. ಕಬ್ಬಿನ ಇಳುವರಿ ಶೇಕಡಾ ಸುಮಾರು 86ಕ್ಕೆ ಇಳಿಯುತ್ತದೆ. ಉಳ್ಳಾಗಡ್ಡಿ 100 ಕಳೆ 16 ಗುಣಿಲೆ 2.8 (4 ಕಳೆ 1.2), ಅಂದರೆ 55ರ ಆಸುಪಾಸು.

ಆದರೆ ಈ ಅಂಕಿಗಳು ಬಂದ ಪ್ರಯೋಗಗಳಲ್ಲಿ ಹೆಚ್ಚಿನವು ಸಸಿ ಚೆನ್ನಾಗಿ ನಾಟಿಕೊಂಡ ಮೇಲೆ ಉಪ್ಪುನೀರು ಕೊಟ್ಟು ಮಾಡಿದವು. ಮೊಳಕೆಯ ಕಷ್ಟ ಅವುಗಳಲ್ಲಿ ಇಲ್ಲ. ಜೊತೆಗೆ ಅವು ಬೇರಿನ ವಲಯದ ಸರಾಸರಿ. ಬೀಜ ಬದುಕುವುದು ಮೇಲಿನ ಎರಡಿಂಚಿನಲ್ಲಿ. ನನಗೆ ಈ ವಿಷಯ ತಿಳಿಯಾದದ್ದು ಇಲ್ಲಿಯೇ, ಆ ಬಿಳಿ ಬೋದು ನೋಡಿದ ಮೇಲೆ.

ಬೆಳೆಯಿಂದ ಬೆಳೆಗೆ ನಾಜೂಕಿನ ಕಾಲ ಬೇರೆ. ಭತ್ತ ಮೊಳೆಯುವಾಗ ಗಟ್ಟಿ, ಎರಡು ಮೂರೆಲೆಯ ಸಸಿಯಾದಾಗ ಬಲು ಸೂಕ್ಷ್ಮ, ಮರಿ ಒಡೆಯುವಾಗ ಮತ್ತೆ ಚೇತರಿಸಿಕೊಳ್ಳುತ್ತದೆ, ತೆನೆ ಕಟ್ಟಿ ಪರಾಗ ಬೀಳುವಾಗ ಪುನಃ ಸೋಲುತ್ತದೆ. ಆಗ ಉಪ್ಪು ತಾಗಿದರೆ ಪರಾಗ ಕೆಟ್ಟು ಕಾಳು ಜೊಳ್ಳಾಗುತ್ತದೆ. ಗೋವಿನಜೋಳವೂ ಮೊಳೆಯಲು ಅಂಜುವುದಿಲ್ಲ, ಸಸಿಯಾದಾಗ ಕುಗ್ಗುತ್ತದೆ. ಸಕ್ಕರೆ ಗಡ್ಡೆ (ಶುಗರ್ ಬೀಟ್) ಇದಕ್ಕೆ ತದ್ವಿರುದ್ಧ: ದೊಡ್ಡದಾದ ಮೇಲೆ ಬಲು ಗಟ್ಟಿ, ಮೊಳಕೆಯಲ್ಲೇ ಮೆತ್ತಗೆ. ಕೂಳೆ ಕಬ್ಬು (ಕಡಿದ ಬುಡದಿಂದ ಮತ್ತೆ ಚಿಗುರಿದ್ದು) ನಾಟಿ ಕಬ್ಬಿಗಿಂತ ಬೇಗ ಸೊರಗುತ್ತದೆ.

ಗೋಧಿ, ಜೋಳದ ಮಾತು ಸ್ವಲ್ಪ ನಿಂತು ನೋಡಬೇಕಾದದ್ದು. ಇವೆರಡಕ್ಕೂ ಹೆಚ್ಚು ಪೆಟ್ಟು ಬೀಳುವುದು ಹೂವಿನಲ್ಲಲ್ಲ, ಎಲೆ ಬಿಡುವ ಕಾಲ ಮತ್ತು ತೆನೆಯ ಆರಂಭದಲ್ಲಿ. ಹೊರಗೆ ಬರೀ ಎಲೆ ಕಾಣುವಾಗಲೇ ಗೋಧಿಯ ಸುಳಿಯೊಳಗೆ ಪುಟ್ಟ ತೆನೆ ರೂಪ ತಾಳುತ್ತಿರುತ್ತದೆ. ಎಷ್ಟು ಕಿರುತೆನೆ ಎಂಬುದು ಅಲ್ಲೇ ನಿಶ್ಚಯ. ಆಗ ಉಪ್ಪು ಹೆಚ್ಚಿದರೆ ತೆನೆ ಗಿಡ್ಡ. ಕಾಳು ತುಂಬುವಾಗ ಬಂದ ಉಪ್ಪು ಅಷ್ಟು ಕೆಡಿಸದು.

ಗಿಡದ ಒಳಗೆ ಎರಡು ಹಂತದ ತೊಂದರೆ. ಮೊದಲದು ಬಾಯಾರಿಕೆ: ಮಣ್ಣಿನ ನೀರಿನಲ್ಲಿ ಉಪ್ಪಿದ್ದರೆ ಬೇರು ಆ ನೀರನ್ನು ಎಳೆಯಲಾರದು, ಹೊಲ ಹಸಿಯಿದ್ದರೂ ಎಲೆ ಬೆಳೆಯದು. ಇದು ಕೂಡಲೇ ಕಾಣುತ್ತದೆ. ಎರಡನೆಯದು ನಿಧಾನದ ವಿಷ: ಸೋಡಿಯಂ ಎಲೆಯಲ್ಲಿ ಕೂಡುತ್ತಾ ಹೋಗಿ ಹಳೆಯ ಎಲೆಯ ತುದಿಯಿಂದ ಸುಡುತ್ತದೆ. ದೊಡ್ಡ ಗಿಡ ಹಳೆ ಎಲೆಗೆ ಉಪ್ಪು ತುಂಬಿ ಹೊಸದನ್ನು ಉಳಿಸಿಕೊಳ್ಳುತ್ತದೆ. ಎರಡೆಲೆಯ ಸಸಿಗೆ ಹಾಗೆ ಕೊಡಲು ಎಲೆಯೇ ಇಲ್ಲ.

ಜಮಖಂಡಿ, ಅಥಣಿ, ರಾಯಬಾಗ ಕಡೆಯವರಿಗೆ ಒಂದು ಮಾತು. ಕಾಲುವೆ ನೀರು, ಬೋರಿನ ಸವಳು ನೀರು ಎರಡೂ ಇದ್ದರೆ ಸಿಹಿನೀರನ್ನು ಬಿತ್ತನೆಗೂ ಎಳೆ ಸಸಿಗೂ ಮೀಸಲಿಡಿ, ಗಿಡ ಗಟ್ಟಿಯಾದ ಮೇಲೆ ಬೋರು ಬಿಡಿ. ಬೀಜವನ್ನು ಬೋದಿನ ಮಗ್ಗುಲಿಗೆ ಊರಿ. ಕಬ್ಬಿನ ರವದಿ (ಒಣ ಸೋಗೆ) ಸುಡದೆ ಹೊದಿಸಿದರೆ ನೀರು ಆರುವುದು ತಗ್ಗಿ ಉಪ್ಪು ಮೇಲೇರುವುದೂ ತಗ್ಗುತ್ತದೆ. ರಸಸಾರ (ಪಿ.ಎಚ್.) 8.5 ದಾಟಿದ ಕ್ಷಾರ ಭೂಮಿ ಬೇರೆ ರೋಗ, ಅದಕ್ಕೆ ಜಿಪ್ಸಮ್ ಬೇಕು. ಜವಳು ಹಿಡಿದಲ್ಲಿ (ನೀರು ಇಂಗದೆ ನಿಂತಲ್ಲಿ) ಬಸಿಗಾಲುವೆ ಇಲ್ಲದೆ ಯಾವುದೂ ನಿಲ್ಲದು.

ಮಣ್ಣು ಪರೀಕ್ಷೆಗೆ ಕೊಡುವಾಗ ಮೇಲಿನ ಎರಡಿಂಚನ್ನು ಬೇರೆ ಚೀಲದಲ್ಲಿ ಕಟ್ಟಿ. ವರದಿ ಬಂದಾಗ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆದದ್ದೇ ಎಂದು ಕೇಳಿ. ಹಾಗಿದ್ದರೆ ನೀರು ಹೆಚ್ಚಿ ಉಪ್ಪು ತೆಳುವಾಗಿರುವುದರಿಂದ ಆ ಇ.ಸಿ. ಪಟ್ಟಿಯ ಅಂಕಿಗಿಂತ ಕಡಿಮೆ ತೋರಿಸುತ್ತದೆ, ನೇರ ಹೋಲಿಸಬೇಡಿ.