ಗಾಳ ಹಾಕುವವನಿಗೆ ತಾಳ್ಮೆ ಎಲ್ಲಿಯದು?

ನಾಲೆ ಏರಿಯ ಮೇಲೆ ಗಾಳ ಹಾಕಿಕೊಂಡು ಕೂತವನನ್ನು ಕಂಡವರೆಲ್ಲ ಹೇಳುವುದು ಒಂದೇ ಮಾತು: 'ಏನ್ ತಾಳ್ಮೆ ಕಣಪ್ಪ ಇವನ್ದು!' ಮಂಡ್ಯ ಸೀಮೆಯಲ್ಲಿ ವಿಶ್ವೇಶ್ವರಯ್ಯ ನಾಲೆ ಹರಿಯುವಷ್ಟು ದೂರವೂ ಈ ಮಾತು ಹರಿಯುತ್ತದೆ. ಈಚೆಗೆ ಇದರ ಜೊತೆ ಇನ್ನೆರಡು ಸೇರಿಕೊಂಡಿವೆ. ಒಂದು, ಪ್ರಕೃತಿಯ ಮಡಿಲಿನಲ್ಲಿ ಸಿಗುವ ಶಾಂತಿ. ಇನ್ನೊಂದು, ಹರಿಯುವ ನೀರಿನಿಂದ ಹೊಮ್ಮುವ 'ಪಾಸಿಟಿವ್ ಎನರ್ಜಿ'. ಎರಡನೆಯದಕ್ಕೆ ಉತ್ತರ ಕೊಡುವಷ್ಟು ಪುರುಸೊತ್ತು ನನಗಿಲ್ಲ. ಮೊದಲನೆಯದನ್ನು ಪರೀಕ್ಷೆ ಮಾಡಿ ನೋಡಬಹುದು. ಅದೇ ಮನುಷ್ಯನನ್ನು ಅದೇ ಹೊಂಗೆ ಮರದ ನೆರಳಲ್ಲಿ, ಅದೇ ನೀರಿನ ಮುಂದೆ, ಗಾಳವಿಲ್ಲದೆ ಕೂರಿಸಿ. ಕಾಲು ಗಂಟೆಯೊಳಗೆ ಎದ್ದು ಟೀ ಅಂಗಡಿ ಹುಡುಕಿಕೊಂಡು ಹೋಗದಿದ್ದರೆ ಕೇಳಿ.

ಹಸಿರು ಕಣ್ಣಿಗೆ ಬಿದ್ದರೆ ಹಿತ ಎಂಬುದೇನೋ ನಿಜ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆಗಿದ್ದ 46 ರೋಗಿಗಳ ದಾಖಲೆಗಳನ್ನು ಹೋಲಿಸಿ ರೋಜರ್ ಉಲ್ರಿಚ್ 1984ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕಿಟಕಿಯಲ್ಲಿ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು. ಬಲವಾದ ನೋವಿನ ಮದ್ದೂ ಅವರಿಗೆ ಕಡಿಮೆ ಸಾಕಾಗಿತ್ತು. ಒಪ್ಪೋಣ. ಆದರೆ ಮರ ನೋಡಿ ಹಾಯೆನಿಸುವುದು ಬೇರೆ, ನಸುಕಿಗೇ ಎದ್ದು ಹೋಗಿ ಕೆಸರಲ್ಲಿ ಕೂತು ಸೊಳ್ಳೆ ಕೈಯಲ್ಲಿ ಕಡಿಸಿಕೊಳ್ಳುವುದು ಬೇರೆ.

ಬೆಂಡನ್ನು ಹತ್ತಿರದಿಂದ ನೋಡಿ. ಬಿದಿರು ಗಳ, ನೈಲಾನ್ ದಾರ, ದಾರದ ನಡುವೆ ಜೋಳದ ದಂಟಿನ ತಿರುಳೋ ಥರ್ಮೊಕೋಲ್ ಚೂರೋ, ತುದಿಯಲ್ಲಿ ಗಾಳಕ್ಕೆ ಪೋಣಿಸಿದ ಎರೆಹುಳು. ಪಕ್ಕದಲ್ಲಿ ತೆಂಗಿನ ಚಿಪ್ಪು, ಅದರೊಳಗೆ ಹಸಿ ಮಣ್ಣು, ಮಣ್ಣಿನಲ್ಲಿ ಉಳಿದ ಹುಳುಗಳು. ಬೆಂಡು ತುಸು ನಡುಗುತ್ತದೆ: ಮರಿಮೀನುಗಳು ಹುಳುವಿನ ಬಾಲ ಕಚ್ಚಿ ಎಳೆಯುತ್ತಿವೆ. ಪುಟಪುಟನೆ ಕುಣಿದು ಅಡ್ಡ ಮಲಗಿದರೆ ಜಿಲೇಬಿ ಮೀನು ಇರಬಹುದು. ಸದ್ದಿಲ್ಲದೆ ಓರೆಯಾಗಿ ಸರಿಯುತ್ತಾ ಮುಳುಗಿದರೆ ದೊಡ್ಡದೇನೋ ಬಾಯಿ ಹಾಕಿದೆ. ಇಲ್ಲವೇ ದಾರಕ್ಕೆ ಕಸ ಸಿಕ್ಕಿಕೊಂಡಿದೆ. ಆ ಹೊತ್ತಿನಲ್ಲಿ ಬೆಂಡು ಬಿಟ್ಟು ಮನುಷ್ಯನನ್ನು ನೋಡಬೇಕು. ಗಳ ಹಿಡಿದ ಹೆಬ್ಬೆರಳು ಬಿಳಿಚಿಕೊಂಡಿರುತ್ತದೆ, ಬಾಯಲ್ಲಿದ್ದ ಎಲೆಅಡಿಕೆ ಹಾಗೇ ನಿಂತಿರುತ್ತದೆ, ಕರೆದರೆ ಓಗೊಡುವುದಿಲ್ಲ. ಇದನ್ನು ತಾಳ್ಮೆ ಅನ್ನುವವರು ಆತುರವನ್ನು ನೋಡಿಯೇ ಇಲ್ಲ.

ಈ ಆತುರ ಎಲ್ಲಿ ಹುಟ್ಟುತ್ತದೆ ಎಂಬುದು ಈಗ ಸಾಕಷ್ಟು ಗೊತ್ತಾಗಿದೆ. ಕೇಳಿದರೆ 'ಓ, ಡೋಪಮೈನ್, ಸಂತೋಷದ ಹಾರ್ಮೋನ್' ಎಂದು ಥಟ್ಟನೆ ಹೇಳುವವರಿದ್ದಾರೆ. ಪತ್ರಿಕೆಗಳ ಆರೋಗ್ಯ ಪುರವಣಿಗಳು ಊರಿಗೆಲ್ಲ ಹಬ್ಬಿಸಿದ ಈ ತಪ್ಪನ್ನು ತಿದ್ದದೆ ಮುಂದೆ ಹೋಗುವಂತಿಲ್ಲ. ವೊಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳ ಮಿದುಳಿನಲ್ಲಿ ಡೋಪಮೈನ್ ಸ್ರವಿಸುವ ಒಂದೊಂದೇ ನರಕೋಶಕ್ಕೆ ಕೂದಲೆಳೆಯಂಥ ತಂತಿ ತಾಗಿಸಿ ಅದರ ಮಿಡಿತ ದಾಖಲಿಸಿದರು. ಮಂಗದ ಬಾಯಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸ ಬಿದ್ದರೆ ಕೋಶ ಪಟಪಟ ಮಿಡಿಯುತ್ತಿತ್ತು. ರಸಕ್ಕೆ ಮುಂಚೆ ಒಂದು ದೀಪ ಹೊತ್ತಿಸುವುದನ್ನು ರೂಢಿ ಮಾಡಿದ ಮೇಲೆ ಮಿಡಿತ ದೀಪಕ್ಕೆ ವರ್ಗವಾಯಿತು. ರಸ ಬಿದ್ದಾಗ ಕೋಶ ತನ್ನ ಪಾಡಿಗೆ ತಾನಿತ್ತು. ದೀಪ ಹೊತ್ತಿಸಿ ರಸ ಕೊಡದಿದ್ದರೆ, ಸರಿಯಾಗಿ ರಸ ಬರಬೇಕಿದ್ದ ಕ್ಷಣದಲ್ಲಿ ಮಿಡಿತ ಕುಸಿಯುತ್ತಿತ್ತು. ಪೀಟರ್ ದಯಾನ್, ರೀಡ್ ಮಾಂಟೆಗ್ ಜೊತೆ ಸೇರಿ 1997ರಲ್ಲಿ ಶುಲ್ಟ್ಸ್ ಇದನ್ನು ಲೆಕ್ಕದ ಭಾಷೆಗೆ ಇಳಿಸಿದರು. ನರಕೋಶ ಅಳೆಯುತ್ತಿರುವುದು ಸುಖವನ್ನಲ್ಲ; ಬಂದದ್ದರಲ್ಲಿ ನಿರೀಕ್ಷಿಸಿದ್ದನ್ನು ಕಳೆದರೆ ಉಳಿಯುವ ಬಾಕಿಯನ್ನು. ಒಂದನೇ ತಾರೀಕು ಸಂಬಳ ಬಿತ್ತೆಂಬ ಮೆಸೇಜ್ ಬಂದರೆ ಯಾರೂ ಕುಣಿಯುವುದಿಲ್ಲ, ಮರೆತೇಹೋಗಿದ್ದ ಅರಿಯರ್ಸ್ ಬಂದರೆ ಕುಣಿಯುತ್ತಾರೆ, ಸಂಬಳವೇ ಬೀಳದಿದ್ದರೆ ಆಫೀಸಿಗೆ ಫೋನ್ ಮಾಡುತ್ತಾರೆ. ಮೊತ್ತ ಮೂರನ್ನೂ ವಿವರಿಸುವುದಿಲ್ಲ, ಬಾಕಿ ವಿವರಿಸುತ್ತದೆ.

ಗಾಳಕ್ಕೆ ನೇರ ಸಂಬಂಧಪಟ್ಟದ್ದು ಇದರ ಮುಂದಿನ ಪ್ರಯೋಗ. 2003ರಲ್ಲಿ ಕ್ರಿಸ್ಟೋಫರ್ ಫಿಯೊರಿಲ್ಲೊ ಮತ್ತು ಶುಲ್ಟ್ಸ್ ತಂಡ ಮಂಗಗಳಿಗೆ ಬೇರೆ ಬೇರೆ ಚಿತ್ರ ತೋರಿಸಿತು. ಒಂದು ಚಿತ್ರ ಕಂಡರೆ ರಸ ಖಂಡಿತ, ಇನ್ನೊಂದು ಕಂಡರೆ ಖಂಡಿತ ಇಲ್ಲ, ಉಳಿದವು ನಡುವಿನವು. ಚಿತ್ರ ಕಂಡ ಕ್ಷಣಕ್ಕೂ ಫಲಿತಾಂಶ ಬರುವ ಕ್ಷಣಕ್ಕೂ ನಡುವೆ ಕೆಲವು ಕೋಶಗಳ ಮಿಡಿತ ನಿಧಾನವಾಗಿ ಏರುತ್ತಾ ಹೋಯಿತು. ಅತಿ ಹೆಚ್ಚು ಏರಿದ್ದು ರಸ ಖಂಡಿತವಿದ್ದಾಗಲ್ಲ, ಸಿಗುವ ಸಾಧ್ಯತೆ ಅರ್ಧಕ್ಕರ್ಧ ಇದ್ದಾಗ. ಬೆಂಡು ನಡುಗಿದ್ದಕ್ಕೂ ಗಳ ಎಳೆದದ್ದಕ್ಕೂ ನಡುವಿನ ಆ ಗಳಿಗೆಯನ್ನು ಪ್ರಯೋಗಾಲಯದಲ್ಲಿ ಇದಕ್ಕಿಂತ ಚೆನ್ನಾಗಿ ಮರುಸೃಷ್ಟಿಸಲು ಆಗದು.

ಹಾಗಾದರೆ ರುಚಿಯ ಕಥೆ? ಅದು ಬೇರೆಯೇ. ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಡೋಪಮೈನ್ ಹೆಚ್ಚುಕಡಿಮೆ ಬತ್ತಿಹೋದ ಇಲಿಗಳನ್ನು ಗಮನಿಸಿದರು. ಅವು ತಾವಾಗಿ ತಿನ್ನಲು ಹೋಗುತ್ತಿರಲಿಲ್ಲ. ಆದರೆ ಬಾಯಿಗೆ ಸಿಹಿ ಬಿಟ್ಟರೆ ಮಾಮೂಲಿನಂತೆ ತುಟಿ ಸವರಿಕೊಳ್ಳುತ್ತಿದ್ದವು. ಬಯಸುವುದಕ್ಕೂ ಸವಿಯುವುದಕ್ಕೂ ಮಿದುಳಿನಲ್ಲಿ ದಾರಿ ಬೇರೆ ಬೇರೆ. ಮೀನೂಟ ಸೇರದವರೂ ಗಾಳ ಹಿಡಿಯುವುದು, ಹಿಡಿದದ್ದನ್ನು ಪಕ್ಕದ ಮನೆಗೆ ಕೊಟ್ಟು ಅನ್ನ ಸಾರು ಉಣ್ಣುವುದು ಇದರಿಂದಲೇ ಅರ್ಥವಾಗುತ್ತದೆ.

ಗಾಳ, ಕೋವಿ ಮುಟ್ಟದವರೂ ಇದರಿಂದ ಹೊರಗಿಲ್ಲ. ಮೈಸೂರು ಮೃಗಾಲಯದಲ್ಲಿ ಹುಲಿ ಗ್ಯಾರಂಟಿ. 1892ರಿಂದ ಇರುವ ಆ ಮೃಗಾಲಯಕ್ಕೆ ದಸರೆಯಲ್ಲಿ ಬಂದ ಸಂಸಾರ ಹುಲಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತದೆ ಗಮನಿಸಿ: ಒಂದು ಫೋಟೊ, 'ಮಲಗೈತೆ' ಎಂಬ ಒಂದು ಮಾತು, ಮುಂದಿನದು ಜಿರಾಫೆ. ಅದೇ ಸಂಸಾರ ಕಬಿನಿ ಕಡೆಯ ಸಫಾರಿಗೆ ಅದರ ಎಷ್ಟೋ ಪಟ್ಟು ದುಡ್ಡು ತೆತ್ತು, ಚಳಿಯಲ್ಲಿ ಜೀಪು ಹತ್ತಿ, ಹುಲಿಯ ಹೆಜ್ಜೆಗುರುತು ಕಂಡು ಉಸಿರು ಬಿಗಿಹಿಡಿಯುತ್ತದೆ. ಹುಲಿ ಕಾಣದೆ ವಾಪಸ್ ಬಂದವರು ಮತ್ತೆ ಬುಕ್ ಮಾಡುತ್ತಾರೆ. ಪ್ರಾಣಿ ಒಂದೇ, ಬದಲಾದದ್ದು ಸಂಭವನೀಯತೆ.

ಕಬಿನಿ ಅಂದಾಗ ಬಿಳಿಮೀನಿನ ವಿಷಯ ಹೇಳದೆ ಇರಲಾರೆ. ಮಹಶೀರ್ ಜಾತಿಗೆ ಸೇರಿದ ಕಾವೇರಿ ಕೊಳ್ಳದ ಈ ದೈತ್ಯನನ್ನು ಹಿಡಿಯಲು ಹೊರದೇಶದವರೆಲ್ಲ ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿವರೆಗೆ ಬರುತ್ತಿದ್ದರು. ಅವರು ಗಾಳಕ್ಕೆ ಕಟ್ಟುತ್ತಿದ್ದ ಹೆಸರಾಂತ ಎರೆ ಯಾವುದು ಗೊತ್ತೆ? ರಾಗಿ ಹಿಟ್ಟನ್ನು ಬೇಯಿಸಿ ಕಟ್ಟಿದ ಉಂಡೆ. ಮಂಡ್ಯದ ಮೀನಿಗೂ ಮುದ್ದೆಯೇ! 1946ರಲ್ಲಿ ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿದ ಒಂದನ್ನು ಹಿಡಿದವರು ಡಿವೆಟ್ ವ್ಯಾನ್ ಇಂಗೆನ್. ರಾಜಮಹಾರಾಜರು, ದೊರೆಗಳು ಹೊಡೆದ ಸಾವಿರಾರು ಹುಲಿ ಚಿರತೆಗಳ ಚರ್ಮಕ್ಕೆ ಒಳಗೆ ತುಂಬಿ ಜೀವಕಳೆ ಕೊಡುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಯ ಅಣ್ಣತಮ್ಮಂದಿರಲ್ಲಿ ಒಬ್ಬರು. ತಮಾಷೆಯೆಂದರೆ ಇಷ್ಟು ಹೆಸರಾದ ಈ ಮೀನಿಗೆ ವಿಜ್ಞಾನದ ಹೆಸರು ಖಚಿತವಾದದ್ದು 2018ರಲ್ಲಿ: ಟಾರ್ ರೇಮಾದೇವಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದು ನಿಂತಿತ್ತು.

ಇನ್ನು ಬೇಟೆ. ಹಳೇ ಮೈಸೂರು ಸೀಮೆಯಲ್ಲಿ ಯುಗಾದಿಯ ಮಾರನೆಯ ದಿನ ಹೊಸತೊಡಕು. ಹಿಂದೆ ಆವತ್ತು ಗಂಡಸರು ಬಲೆ, ನಾಯಿ ಕಟ್ಟಿಕೊಂಡು ಬೇಟೆಗೆ ಹೋಗುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ. ಆಗಲೇಬೇಕಿತ್ತು, ಅದರಲ್ಲಿ ಚರ್ಚೆಯಿಲ್ಲ. ಆದರೆ ಅದೇ ಹಬ್ಬದಲ್ಲಿ ಮಂಡ್ಯ ಕಡೆ ಇನ್ನೊಂದು ನಡೆಯುತ್ತದೆ, ಪೊಲೀಸರು ವರ್ಷವರ್ಷ ಅದರ ಹಿಂದೆ ಓಡುತ್ತಾರೆ: ಇಸ್ಪೀಟು, ನಾಣ್ಯ ಚಿಮ್ಮುವ ಜೂಜು. ಮಾಂಸ, ಬೇಟೆ, ಜೂಜು ಮೂರೂ ಒಂದೇ ಹಬ್ಬಕ್ಕೆ ಹೇಗೆ ಜೊತೆಯಾದವು ಎಂದು ಜಾನಪದದವರು ಹೇಳಬೇಕು. ಬೇಟೆ ಮತ್ತು ಜೂಜು ಮಾತ್ರ ಮಿದುಳಿನ ಒಂದೇ ಜಾಲಕ್ಕೆ ಕೈ ಹಾಕುವವು.

ಆ ಜಾಲ ಯಾಕೆ ಉಳಿದುಬಂತು ಎಂಬುದಕ್ಕೆ ನನಗೆ ಒಪ್ಪಿಗೆಯಾಗುವ ಉತ್ತರ ಸರಳವಾದದ್ದು. ಹುಲಿಯ ದಾಳಿಗಳಲ್ಲಿ ಹೆಚ್ಚಿನವು ವಿಫಲವಾಗುತ್ತವೆ. ಟಾಂಜಾನಿಯಾದ ಹಾಡ್ಜಾ ಬೇಟೆಗಾರರಿಗೂ ದೊಡ್ಡ ಪ್ರಾಣಿ ಸಿಗದ ದಿನಗಳೇ ಬಹಳ. ನಾಲ್ಕು ಸಲ ಬರಿಗೈಯಲ್ಲಿ ಬಂದು ಐದನೇ ಸಲ ಮಲಗಿಬಿಟ್ಟ ಜೀವಿಗೆ ಮಕ್ಕಳುಮರಿ ಆಗುವುದು ಕಷ್ಟ. ಸೋಲನ್ನೇ ಎಳೆತವಾಗಿ ತಿರುಗಿಸುವ ಮಿದುಳು ಇದ್ದವರ ಸಂತಾನ ನಾವು.

ಇಲ್ಲೊಂದು ಬೇಡದ ಉಡುಗೊರೆಯೂ ಬಂದಿದೆ: ಮೂಢನಂಬಿಕೆ. 1948ರಲ್ಲಿ ಬಿ.ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಎಂಟು ಪಾರಿವಾಳಗಳಿಗೆ, ಅವು ಏನು ಮಾಡಿದರೂ ಮಾಡದಿದ್ದರೂ, ಗಡಿಯಾರದ ಪ್ರಕಾರ ಕಾಳು ಕೊಟ್ಟರು. ಆರು ಪಾರಿವಾಳಗಳು ಒಂದೊಂದು ವ್ರತ ಹಿಡಿದವು. ಒಂದು ಎಡಕ್ಕೆ ಸುತ್ತು ಹಾಕುವುದು, ಇನ್ನೊಂದು ಗೂಡಿನ ಮೂಲೆಗೆ ತಲೆ ತೂರುವುದು. ಕಾಳು ಬಿದ್ದಾಗ ಏನು ಮಾಡುತ್ತಿದ್ದವೋ ಅದೇ ಕಾರಣವೆಂದು ಅವು ಹಿಡಿದುಕೊಂಡಂತಿತ್ತು. ಮಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ ಪೆಸಿಫಿಕ್ ಸಾಗರದ ಟ್ರೋಬ್ರಿಯಂಡ್ ದ್ವೀಪಗಳಲ್ಲಿ ಕಂಡದ್ದೂ ಇದಕ್ಕೆ ಹತ್ತಿರ. ಶಾಂತವಾದ ಒಳಕೊಲ್ಲಿಯಲ್ಲಿ ಮೀನು ನೆಚ್ಚಿಕೆಯಿಂದ ಸಿಗುತ್ತದೆ, ಅಲ್ಲಿ ಮಂತ್ರವಿಲ್ಲ. ಅಪಾಯವೂ ಅನಿಶ್ಚಿತತೆಯೂ ಇರುವ ಹೊರಗಡಲಿನ ಮೀನುಗಾರಿಕೆಗೆ ಮಂತ್ರದ ಮೇಲೆ ಮಂತ್ರ. ನಮ್ಮ ನಾಲೆಯ ಏರಿಯೂ ಹೊರಗಡಲೇ. ಹೊರಡುವಾಗ 'ಎಲ್ಲಿಗೆ?' ಅಂದವರ ಮೇಲೆ ಸಿಟ್ಟು, ಬರಿಗೈಯಲ್ಲಿ ಬಂದರೆ 'ಇವತ್ತು ಯಾರ ಮುಖ ನೋಡಿ ಎದ್ದೆನೋ' ಎಂಬ ಗೊಣಗಾಟ. ಆ ಮುಖ ಸಾಮಾನ್ಯವಾಗಿ ಮನೆಯ ಹೆಣ್ಣುಮಗಳದೋ ಬೀದಿಯಲ್ಲಿ ಎದುರಾದ ವಿಧವೆಯದೋ ಆಗಿರುತ್ತದೆ ಎಂಬುದು ನಗುವ ವಿಷಯವಲ್ಲ.

ಶ್ರೀರಂಗಪಟ್ಟಣದ ಬಳಿ ಹೊಳೆದಂಡೆಯಲ್ಲಿ ಪರಿಚಯವಾದ ಹಿರಿಯರೊಬ್ಬರಿಗೆ ಇದನ್ನೆಲ್ಲ ಹೇಳಿ, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ ಅಂದೆ. ದಿನಾ ಯಾರ ಮುಖ ನೋಡಿದಿರಿ, ಎಷ್ಟು ಮೀನು ಸಿಕ್ಕಿತು, ಎರಡೇ ಕಾಲಂ. ಅವರು ಪೂರ್ತಿ ಕೇಳಿಸಿಕೊಂಡರು, ಗಾಳಕ್ಕೆ ಹೊಸ ಹುಳು ಪೋಣಿಸಿದರು, ಆಮೇಲೆ ಹೇಳಿದರು: 'ಲೆಕ್ಕ ಬರೆದಿಟ್ರೆ ಮೀನು ಬೀಳಲ್ಲ ಸ್ವಾಮಿ.'